ಬೇಲಿಗೆ ನೆಲದ ಒಪ್ಪಿಗೆ

ದಿನವೂ ಆಡುವ ಕೆಲವು ಮಾತುಗಳ ಹಿಂದೆ ಒಂದು ಗಿಡ ನಿಂತಿರುವುದು ನಮ್ಮ ಗಮನಕ್ಕೆ ಬರುವುದಿಲ್ಲ. ಊಟದ ಡಬ್ಬಿಗೂ ರಟ್ಟಿನ ಪೆಟ್ಟಿಗೆಗೂ ‘ಬಾಕ್ಸು’ ಎನ್ನುವುದು ಕನ್ನಡದಲ್ಲಿಯೂ ರೂಢಿಯಾಗಿದೆ. ಆ ಶಬ್ದದ ಬೇರನ್ನು ಅರಸುತ್ತ ಹೋದರೆ ಲ್ಯಾಟಿನ್ನಿನ ‘ಬಕ್ಸಸ್’, ಗ್ರೀಕಿನ ‘ಪುಕ್ಸೋಸ್’ ಎಂಬ ಪೊದೆಗಿಡ ಎದುರಾಗುತ್ತದೆ. ಅದರ ಗಟ್ಟಿಯಾದ, ನುಣುಪಾದ ಕಟ್ಟಿಗೆಯಿಂದ ಗ್ರೀಕರು ಭರಣಿಗಳನ್ನು ಕಡೆದರು. ಗಿಡದ ಹೆಸರು ಭರಣಿಗೆ ಬಂದಿತು. ಭರಣಿಯ ಹೆಸರು ಕಾಲಕ್ರಮದಲ್ಲಿ ಎಲ್ಲ ಪೆಟ್ಟಿಗೆಗಳಿಗೂ ಅಂಟಿತು. ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ (1753–1828) ಇದೇ ಕಟ್ಟಿಗೆಯ ಅಡ್ಡಕೊಯ್ತದ ಮೇಲೆ ಚಿತ್ರ ಕೊರೆದು ಅಚ್ಚುಹಾಕುವ ಕಲೆಯನ್ನು ಬೆಳಗಿಸಿದನು. 19ನೆಯ ಶತಮಾನದ ಸಚಿತ್ರ ಪುಸ್ತಕಗಳು ಈ ಗಿಡಕ್ಕೆ ಬಹಳ ಋಣಿಯಾಗಿವೆ.

ಬಾಕ್ಸ್‌ವುಡ್ ಎಂಬ ಈ ಗಿಡವನ್ನು ಮನೆಯ ಮುಂದೆ ಬೇಲಿಯಾಗಿ ಬೆಳೆಸಬಹುದೆ ಎಂದು ಗೋಕಾಕ, ಹುಕ್ಕೇರಿಗಳಲ್ಲಿ ಹೊಸದಾಗಿ ಮನೆ ಕಟ್ಟಿಸಿದ ಪರಿಚಿತರು ನನ್ನನ್ನು ಕೇಳಿದ್ದುಂಟು. ಪ್ರಶ್ನೆ ತೋಟಗಾರಿಕೆಯದಾದರೂ ಉತ್ತರವನ್ನು ಚರಿತ್ರೆಯಲ್ಲಿ ಹುಡುಕಬೇಕಾಗುತ್ತದೆ.

ಗಿಡವನ್ನು ಕತ್ತರಿಸಿ ಆಕಾರ ಕೊಡುವ ಚಟ ರೋಮನರಷ್ಟು ಹಳೆಯದು. ಕಿರಿಯ ಪ್ಲಿನಿ ತನ್ನ ಬೇಸಗೆಮನೆಯ ತೋಟವನ್ನು ಬಣ್ಣಿಸುವ ಪತ್ರವೊಂದರಲ್ಲಿ, ಅಲ್ಲಿಯ ಬಾಕ್ಸ್‌ವುಡ್ ಗಿಡಗಳನ್ನು ಅಕ್ಷರಗಳ ರೂಪದಲ್ಲಿ ಕತ್ತರಿಸಲಾಗಿತ್ತೆಂದು ಬರೆದಿದ್ದಾನೆ. ಒಂದೆಡೆ ಯಜಮಾನನ ಹೆಸರು, ಇನ್ನೊಂದೆಡೆ ತೋಟಗಾರನ ಹೆಸರು! ಮುಂದೆ ಯುರೋಪಿನ ಅರಮನೆಗಳ ಉದ್ಯಾನಗಳಲ್ಲೆಲ್ಲ ಈ ಗಿಡವೇ ಅಂಚುಕಟ್ಟಾಯಿತು. ಮೆಲ್ಲಗೆ ಬೆಳೆಯುವ, ಎಲೆ ದಟ್ಟವಾದ, ಕತ್ತರಿಗೆ ಬೇಸರಿಸದ ಗಿಡ ಅದು.

1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ಕೈಸೇರಿತು. ಅನಂತರ ಅಲ್ಲಿ ದಂಡು ನೆಲೆಸಿತು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಬಂದಿತು. ಬಂಗಲೆಗಳೊಂದಿಗೆ ಕತ್ತರಿಸಿದ ಬೇಲಿಯ ಅಭಿರುಚಿಯೂ ನಮ್ಮ ದೇಶಕ್ಕೆ ಬಂದಿತು. ಆದರೆ ಗಿಡ ಬರಲಿಲ್ಲ, ಬಂದರೂ ಬಯಲುಸೀಮೆಯಲ್ಲಿ ಬಾಳಲಿಲ್ಲ. ಅದು ತಂಪುನಾಡಿನ ಗಿಡ. ಅದರ ಬೇರು ಮಣ್ಣಿನ ಮೇಲ್ಪದರದಲ್ಲಿಯೇ ಹರಡುತ್ತದೆ. ನೀರು ನಿಂತರೆ ಕೊಳೆಯುತ್ತದೆ, ನೆಲ ಕಾದರೆ ಬಾಡುತ್ತದೆ. ನಮ್ಮ ಎರೆಭೂಮಿಯಾದರೋ ಮಳೆಗಾಲದಲ್ಲಿ ಅಂಟಾಗಿ ನೀರು ಹಿಡಿಯುತ್ತದೆ, ಬೇಸಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ.

ಆಗ ಬಂಗಲೆಯವರು ನಮ್ಮ ನೆಲಕ್ಕೆ ಒಗ್ಗುವ ಗಿಡಗಳ ಮೇಲೆ ಕತ್ತರಿಯಾಡಿಸಿದರು. ಮದರಂಗಿ, ಡುರಾಂಟಾ, ಕಾಮಿನಿ ಬೇಲಿಗಳು ಹೀಗೆ ರೂಢಿಗೆ ಬಂದವು. ಕಾಮಿನಿಯನ್ನು ಅವರು ‘ಚೈನೀಸ್ ಬಾಕ್ಸ್’ ಎಂದು ಕರೆದರು. ಊರು ಬಿಟ್ಟು ಬಂದವರು ಹಳೆಯ ಹೆಸರನ್ನು ಹೊಸ ಗಿಡಕ್ಕಿಟ್ಟು ಸಮಾಧಾನಪಟ್ಟುಕೊಂಡ ಬಗೆ ಅದು. ನಿಜವಾಗಿ ಅದು ನಮ್ಮ ಕರಿಬೇವಿನ ಹತ್ತಿರದ ಬಂಧು.

ಹಾಗೆಂದು ಅದಕ್ಕೆ ಮೊದಲು ನಮ್ಮಲ್ಲಿ ಬೇಲಿಯೇ ಇರಲಿಲ್ಲವೆಂದಲ್ಲ. ಹಿತ್ತಲಿನ ಅಂಚಿಗೆ ಲಕ್ಕಿ, ಆಡುಸೋಗೆ, ಮದರಂಗಿ, ದಾಸವಾಳ. ಹೊಲದ ಬದುವಿಗೆ ಕಳ್ಳಿ. ಬಾಣಂತಿಯ ನೀರಿಗೆ ಲಕ್ಕಿಯ ಸೊಪ್ಪು, ಕೆಮ್ಮಿಗೆ ಆಡುಸೋಗೆ, ಹಬ್ಬಕ್ಕೆ ಮದರಂಗಿ, ದೇವರಿಗೆ ದಾಸವಾಳ. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಗೆ ಅಪವಾದವೆಂಬಂತೆ ಆಡುಸೋಗೆಯನ್ನು ಆಡುಗಳು ಸಾಮಾನ್ಯವಾಗಿ ಮೇಯುವುದಿಲ್ಲ. ಬೇಲಿಗೆ ಅದಕ್ಕಿಂತ ದೊಡ್ಡ ಅರ್ಹತೆ ಬೇರೆ ಬೇಕೆ? ನಮ್ಮ ಬೇಲಿ ಬರಿಯ ಗೋಡೆಯಾಗಿರಲಿಲ್ಲ, ಮನೆಯ ಔಷಧದ ಕಪಾಟೂ ಆಗಿತ್ತು. ‘ಹೂವಿನ ಕೇರಿ’ ಎಂಬುದೇ ಹುಕ್ಕೇರಿಯಾಯಿತೆಂದೂ, ಆದಿಲಶಾಹಿ ಕಾಲದಲ್ಲಿ ಅಲ್ಲಿಯ ಗುಲಾಬಿ ವಿಜಾಪುರಕ್ಕೆ ಹೋಗುತ್ತಿತ್ತೆಂದೂ ಜನ ಹೇಳುತ್ತಾರೆ. ಗಿಡವನ್ನು ಅಕ್ಕರೆಯಿಂದ ಕಂಡ ಸೀಮೆ ಇದು.

ನೆಲವನ್ನು ಕೇಳದೆ ತಂದ ಬೇಲಿಗಳ ಕಥೆಯೂ ಉಂಟು. ಅಮೆರಿಕ ಖಂಡದ ಪಾಪಾಸುಕಳ್ಳಿ ಬೇಲಿ ಹಾರಿ ಹೊಲಗಳಿಗೆ ನುಗ್ಗಿತು. 1926ರಲ್ಲಿ ಸಿಂಹಳದಿಂದ ಒಂದು ಬಗೆಯ ಹುಳುವನ್ನು ತರಿಸಿ ದಕ್ಷಿಣ ಭಾರತದಲ್ಲಿ ಬಿಟ್ಟ ಮೇಲೆಯೇ ಅದು ತಗ್ಗಿದ್ದು. 19ನೆಯ ಶತಮಾನದ ಆರಂಭದಲ್ಲಿ ಚೆಲುವಿಗೆಂದು ತಂದ ಲಂಟಾನವಂತೂ ಇಂದಿಗೂ ನಮ್ಮ ಕಾಡುಗಳನ್ನು ಕಬಳಿಸುತ್ತಿದೆ. ಹೊಲ ಮೇಯುವ ಬೇಲಿಯ ಮಾತು ಇಲ್ಲಿ ಅಕ್ಷರಶಃ ನಿಜವಾಯಿತು. ಬಾಕ್ಸ್‌ವುಡ್ ಹಾಗೆ ಹಬ್ಬುವ ಗಿಡವಲ್ಲ. ಬದಲಿಗೆ ತಾನೇ ಸೊರಗುತ್ತದೆ. ತನ್ನ ತವರಾದ ಯುರೋಪಿನಲ್ಲಿಯೂ ಅದಕ್ಕೀಗ ಸುಖವಿಲ್ಲ. 1990ರ ದಶಕದಿಂದ ಒಂದು ಬೂಷ್ಟುರೋಗ, 2007ರಿಂದ ಪೂರ್ವ ಏಷ್ಯದ ಒಂದು ಪತಂಗದ ಹುಳು ಅಲ್ಲಿಯ ಹಳೆಯ ಬೇಲಿಗಳನ್ನು ಬೋಳು ಮಾಡುತ್ತಿವೆ.

ಆದುದರಿಂದ ನನ್ನ ಉತ್ತರ ಇಷ್ಟೆ. ಆಸೆ ತೀರದವರು ಬಾಕ್ಸ್‌ವುಡ್ಡನ್ನು ಕುಂಡದಲ್ಲಿ, ನೀರು ಬಸಿಯುವ ಹಗುರ ಮಣ್ಣಿನಲ್ಲಿ, ಮಧ್ಯಾಹ್ನದ ಬಿಸಿಲು ತಾಗದ ಕಡೆ ಇಡಲಿ. ಬೇಲಿಗೆ ಮಾತ್ರ ಕಾಮಿನಿಯನ್ನೋ ಮದರಂಗಿಯನ್ನೋ ನೆಡುವುದು ಲೇಸು. ಮಳೆಗಾಲದ ಮೊದಲಲ್ಲಿ ಸಾಲು ತೋಡಿ, ಎರೆಮಣ್ಣಿಗೆ ಮರಳು, ಕೊಳೆತ ಸಗಣಿಗೊಬ್ಬರ ಬೆರೆಸಬೇಕು. ಬುಡಕ್ಕೆ ಒಣ ಎಲೆಗಳನ್ನು ಹೊದಿಸಬೇಕು. ಎಳೆಯದಿರುವಾಗಲೇ ತುದಿ ಚಿವುಟಿದರೆ ಕೆಳಗಿನಿಂದಲೇ ಕವಲೊಡೆಯುತ್ತದೆ. ಕತ್ತರಿಸುವಾಗ ಬುಡ ಅಗಲವಾಗಿಯೂ ನೆತ್ತಿ ಕಿರಿದಾಗಿಯೂ ಇರಲಿ. ಇಲ್ಲವಾದರೆ ಕೆಳಗಿನ ಎಲೆಗಳಿಗೆ ಬಿಸಿಲು ಸಿಗದೆ ಬೇಲಿಯ ಕಾಲು ಬೋಳಾಗುತ್ತದೆ. ಕಾಮಿನಿಯನ್ನು ಹೂ ಮುಗಿದ ಮೇಲೆ ಕತ್ತರಿಸಬೇಕು. ಲಿಂಬೆಯ ಗಿಡವಿದ್ದಲ್ಲಿ ಅದನ್ನು ದೂರ ನೆಡಬೇಕು. ಲಿಂಬೆಗೆ ರೋಗ ಹರಡುವ ಕೀಟಕ್ಕೆ ಕಾಮಿನಿಯೂ ಆಶ್ರಯ ಕೊಡುತ್ತದೆ. ಹೆಚ್ಚಿನ ಮಾತಿಗೆ ಗೋಕಾಕ–ಮೂಡಲಗಿ ಸೀಮೆಯ ಅರಭಾವಿಯಲ್ಲಿ 1994ರಿಂದ ತೋಟಗಾರಿಕೆ ಕಾಲೇಜೇ ಇದೆ.

ಕಲೆ ಎಲ್ಲಿಂದಲಾದರೂ ಬರಬಹುದು; ಗಿಡಕ್ಕೆ ಮಾತ್ರ ನೆಲದ ಒಪ್ಪಿಗೆ ಬೇಕು. ಸಾಹಿತ್ಯದಲ್ಲಿಯೂ ನಾವು ಹೊರಗಿನ ರೂಪಗಳನ್ನು ತಂದುಕೊಂಡಿದ್ದೇವೆ. ಬಾಳಿದವು ನಮ್ಮ ಮಣ್ಣಿನಲ್ಲಿ ಬೇರುಬಿಟ್ಟವು ಮಾತ್ರ. ಇಂದು ಊರೂರಲ್ಲಿ ಬೇಲಿ ಕಿತ್ತು ಕಲ್ಲಿನ ಗೋಡೆ ಏಳುತ್ತಿರುವಾಗ, ಯಾವ ಗಿಡ ಎಂಬುದಕ್ಕಿಂತ ಮೊದಲು, ಹಸಿರು ಬೇಲಿಯೊಂದು ಉಳಿಯಲಿ ಎಂಬ ಆಸೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.