‘ಓಡಬೇಡ, ಓಡಾಡಿಕೊಂಡಿರು’

ಬಸುರಿಗೆ ಕನ್ನಡದ ಮನೆಗಳಲ್ಲಿ ಹಿರಿಯರು ಹೇಳುವ ಮಾತು ಎರಡು. ಒಂದು, ‘ಓಡಬೇಡ’. ಇನ್ನೊಂದು, ‘ಸುಮ್ಮನೆ ಕೂರಬೇಡ, ಓಡಾಡಿಕೊಂಡಿರು’. ಎರಡರಲ್ಲೂ ಇರುವುದು ಒಂದೇ ಧಾತು. ಆದರೆ ‘ಆಡು’ ಸೇರಿದ ಕೂಡಲೇ ಅದರ ವೇಗ ಇಳಿದುಬಿಡುತ್ತದೆ. ತೂಗಾಡು, ಹೊರಳಾಡು, ಸುಳಿದಾಡು ಎಂಬ ಮಾತುಗಳಂತೆ ಓಡಾಡು ಎಂದರೂ ಅತ್ತಿತ್ತ ಚಲಿಸುವುದು. ಅದರಲ್ಲಿ ಅವಸರವಿಲ್ಲ, ಹೊತ್ತಿಗೆ ಸರಿಯಾಗಿ ತಲುಪಲೇಬೇಕಾದ ಊರೂ ಇಲ್ಲ.

ಈ ವ್ಯತ್ಯಾಸ ಅಳಿಸಿಹೋಗುವ ಜಾಗವೊಂದಿದೆ. ಮುಂಬಯಿಯ ಈಶಾನ್ಯಕ್ಕೆ ರೈಲುಹಳಿಯ ಗುಂಟ ಬೆಳೆದ ಠಾಣೆ, ಡೊಂಬಿವಲಿ, ಕಲ್ಯಾಣ, ಮತ್ತು ಖಾಡಿಯ ಆಚೆಗಿನ ನವಿ ಮುಂಬಯಿ. ಮುಂಬಯಿಯಲ್ಲಿ ಬಾಡಿಗೆ ಎಟುಕದೆ ಹೋದಾಗ ಹೋಟೆಲಿನವರು, ಬ್ಯಾಂಕಿನವರು, ಗುಮಾಸ್ತರು ಎಂದು ಸಾವಿರಾರು ಕನ್ನಡ ಕುಟುಂಬಗಳು ಈ ಊರುಗಳಿಗೆ ಬಂದವು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘವಿದೆ, ಅದು ನಡೆಸುವ ಮಂಜುನಾಥ ಶಾಲೆಯಿದೆ. ಆದರೆ ದುಡಿಮೆ ಬಹುಮಟ್ಟಿಗೆ ಮುಂಬಯಿಯಲ್ಲೇ ಉಳಿಯಿತು. ಹಾಗಾಗಿ ಇಲ್ಲಿ ‘ಓಡಾಟ’ ಎಂದರೆ ದಿನಾ ಬೆಳಿಗ್ಗೆ ಲೋಕಲ್ ಹಿಡಿಯುವುದು, ಸಂಜೆ ಲೋಕಲ್ ಹಿಡಿದು ಮರಳುವುದು. ಈ ಊರುಗಳಲ್ಲಿ ಓಡದೆ ಓಡಾಡುವುದು ಹೇಗೆ?

ದೇಶದ ಮೊದಲ ಪ್ರಯಾಣಿಕ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಬಂದು ನಿಂತದ್ದು ಠಾಣೆಯಲ್ಲಿ. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಬೋರಿಬಂದರಿನಿಂದ ಠಾಣೆ 34 ಕಿಲೋಮೀಟರ್, ಕಲ್ಯಾಣ 54. ಈ ಕಲ್ಯಾಣದ ಮನೆತನವೊಂದರಲ್ಲಿ 1865ರಲ್ಲಿ ಹುಟ್ಟಿದ ಯಮುನಾ ಎಂಬ ಹುಡುಗಿ ಒಂಬತ್ತನೆಯ ವಯಸ್ಸಿಗೆ ಅಂಚೆ ಇಲಾಖೆಯ ಗೋಪಾಳರಾವ್ ಜೋಶಿಯವರನ್ನು ಮದುವೆಯಾಗಿ ಆನಂದಿಬಾಯಿಯಾದಳು. ಹದಿನಾಲ್ಕಕ್ಕೆ ತಾಯಿ. ಕೂಸು ಹತ್ತು ದಿನ ಬದುಕಿತ್ತು. ಹೆಂಗಸರಿಗೆ ಹೆಂಗಸು ವೈದ್ಯರೇ ಬೇಕು ಎಂಬ ಹಟ ಅವಳಲ್ಲಿ ಬೇರೂರಿದ್ದು ಆ ಸಾವಿನ ನಂತರ.

ಆಕೆ ಓದಲು ಹೊರಟಾಗ ಎದುರಾದ ಮೊದಲ ಕಷ್ಟ ರಸ್ತೆಯಲ್ಲಿ ನಡೆಯುವುದು. ಅಮೆರಿಕಕ್ಕೆ ಹೋಗುವ ಮುನ್ನ, 1883ರಲ್ಲಿ ಶ್ರೀರಾಮಪುರದ ಕಾಲೇಜಿನಲ್ಲಿ ಮಾಡಿದ ಭಾಷಣದಲ್ಲಿ ಆನಂದಿಬಾಯಿ ಅದನ್ನು ಬಣ್ಣಿಸಿದರು. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸುತ್ತ ನೆರೆದು ನಗುತ್ತಿದ್ದರು, ಜಗಲಿಯಲ್ಲಿ ಕುಳಿತ ‘ಮರ್ಯಾದಸ್ಥರು’ ಕಲ್ಲು ಎಸೆಯುತ್ತಿದ್ದರು. ಮೂರು ವರ್ಷಗಳ ನಂತರ, 1886ರ ಮಾರ್ಚಿನಲ್ಲಿ, ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜು ಅವರಿಗೆ ಪದವಿ ಕೊಟ್ಟಿತು. ಅವರ ಪ್ರಬಂಧದ ವಿಷಯ ಆರ್ಯ ಹಿಂದೂಗಳ ಪ್ರಸೂತಿ ವಿದ್ಯೆ. ಊರಿಗೆ ಮರಳಿ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸುವ ಮುನ್ನವೇ, 1887ರ ಫೆಬ್ರವರಿಯಲ್ಲಿ, ಪುಣೆಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ತುಂಬಿರಲಿಲ್ಲ.

ಆ ಹಳೆಯ ಪ್ರಸೂತಿ ವಿದ್ಯೆ ಚಲನೆಯ ಬಗ್ಗೆ ಏನು ಹೇಳಿತ್ತು? ಸುಶ್ರುತ ಸಂಹಿತೆಯ ಶಾರೀರಸ್ಥಾನ ಗರ್ಭಿಣಿ ಬಿಡಬೇಕಾದವುಗಳ ಪಟ್ಟಿ ಕೊಡುತ್ತದೆ. ವ್ಯಾಯಾಮ, ಉಪವಾಸದ ಕೃಶತೆ, ಹಗಲು ನಿದ್ದೆ, ರಾತ್ರಿ ಜಾಗರಣೆ, ಶೋಕ, ಭಯ, ಗಾಡಿ ಏರುವುದು, ಕುಕ್ಕರಗಾಲಿನಲ್ಲಿ ಕೂರುವುದು. ಈ ಪಟ್ಟಿಯನ್ನು ಪಾಲಿಸಬೇಕಾದರೆ ಮನೆಯಲ್ಲಿ ಆಳುಕಾಳು ಇರಬೇಕು. ಬೀಸುಕಲ್ಲು ತಿರುಗಿಸುವ, ಬಾವಿಯಿಂದ ನೀರು ಸೇದುವ, ನಾಟಿಗೆ ಬಗ್ಗುವ ಹೆಂಗಸಿಗೆ ಅದರಲ್ಲಿ ಯಾವುದನ್ನು ಬಿಡುವ ಸ್ವಾತಂತ್ರ್ಯವಿತ್ತು? ‘ಓಡಾಡಿಕೊಂಡಿರು’ ಎಂಬ ಮಾತಿಗೂ ಕನಿಷ್ಠ ಒಂದು ಅಂಗಳ ಬೇಕಿತ್ತು. ಒಬ್ಬಳಿಗೆ ದೇಹ ಕದಲಿಸಬೇಡ ಎಂಬ ಕಟ್ಟುಪಾಡು, ಮತ್ತೊಬ್ಬಳಿಗೆ ಹೆರಿಗೆ ನೋವು ಬರುವತನಕ ದುಡಿಮೆ. ಇಬ್ಬರಲ್ಲಿ ಯಾರನ್ನೂ ‘ನಿನಗೆ ಎಷ್ಟು ಹಿತ?’ ಎಂದು ಕೇಳಿದವರಿಲ್ಲ.

ಆ ಎರಡನೆಯವಳ ಪರವಾಗಿ ಮೊದಲು ಮಾತಾಡಿದ್ದು ಕಾನೂನು. 1928ರ ಜುಲೈನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆಯ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿದರು. ಹೆರಿಗೆಯ ಮುಂಚೆಯೂ ನಂತರವೂ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತ, ಅದರ ಹೊರೆಯಲ್ಲಿ ಸರ್ಕಾರಕ್ಕೂ ಪಾಲಿದೆ ಎಂಬುದು ಅವರ ವಾದ. 1929ರಲ್ಲಿ ಅದು ಕಾಯಿದೆಯಾಯಿತು. ಸ್ವಾತಂತ್ರ್ಯದ ನಂತರ ಬಂದ 1961ರ ಹೆರಿಗೆ ಸೌಲಭ್ಯ ಕಾಯಿದೆಯಲ್ಲಿ ರಜೆಯಷ್ಟು ಪ್ರಚಾರ ಪಡೆಯದ ಇನ್ನೊಂದು ಅಂಶವಿತ್ತು. ಹೆರಿಗೆಗೆ ಆರು ವಾರ ಉಳಿಯುವುದಕ್ಕಿಂತ ಹಿಂದಿನ ಒಂದು ತಿಂಗಳಲ್ಲಿ, ಗರ್ಭಿಣಿ ಕೇಳಿಕೊಂಡರೆ, ಅವಳಿಗೆ ಶ್ರಮದ ಕೆಲಸವನ್ನಾಗಲಿ ಬಹಳ ಹೊತ್ತು ನಿಲ್ಲಬೇಕಾದ ಕೆಲಸವನ್ನಾಗಲಿ ಕೊಡುವಂತಿಲ್ಲ. 2017ರ ತಿದ್ದುಪಡಿ ಮೊದಲೆರಡು ಮಕ್ಕಳಿಗೆ ರಜೆಯನ್ನು 12 ವಾರಗಳಿಂದ 26ಕ್ಕೆ ಏರಿಸಿತು. ಕಾರ್ಖಾನೆ, ಕಚೇರಿ, ಅಂಗಡಿಗಳ ಹೆಂಗಸರಿಗೆ ಇದು ದೊಡ್ಡ ಆಸರೆ. ಅವರ ಮನೆಗಳಲ್ಲಿ ಪಾತ್ರೆ ತೊಳೆಯುವ, ನೆಲ ಒರೆಸುವ ಹೆಂಗಸು ಮಾತ್ರ ಅದರ ಹೊರಗೇ ಉಳಿದಳು.

ವೈದ್ಯರು ಮೊದಲನೆಯವಳ ಕಟ್ಟುಪಾಡನ್ನು ಸಡಿಲಿಸಿದ್ದು ಇದಕ್ಕಿಂತ ತಡವಾಗಿ. 1970ರ ದಶಕದಲ್ಲಿ ಅಮೆರಿಕದಲ್ಲಿ ಓಡುವ ಹವ್ಯಾಸ ಹಬ್ಬಿದಾಗ ಬಸುರಿಯರೂ ‘ನಾವು ನಿಲ್ಲಿಸಬೇಕೇ?’ ಎಂದು ಕೇಳತೊಡಗಿದರು. ಅಲ್ಲಿನ ಪ್ರಸೂತಿ ತಜ್ಞರ ಸಂಸ್ಥೆ 1985ರಲ್ಲಿ ಮಿತಿ ಹಾಕಿತು. ಎದೆಬಡಿತ ನಿಮಿಷಕ್ಕೆ 140 ದಾಟಬಾರದು, ಜೋರಾದ ವ್ಯಾಯಾಮ 15 ನಿಮಿಷ ಮೀರಬಾರದು. ಅದರ ಹಿಂದಿನ ಭಯಗಳು ಅರ್ಥವಾಗುವಂಥವೇ. ಓಡುವಾಗ ರಕ್ತ ಗರ್ಭಕೋಶವನ್ನು ಬಿಟ್ಟು ಕಾಲಿನ ಸ್ನಾಯುಗಳತ್ತ ಹರಿದರೆ? ಮೈಯ ಕಾವು ಏರಿ ಭ್ರೂಣಕ್ಕೆ ತಟ್ಟಿದರೆ? ಆದರೆ ಜೇಮ್ಸ್ ಕ್ಲ್ಯಾಪ್ ಎಂಬ ವೈದ್ಯರು ಓಡುವ ಹೆಂಗಸರನ್ನು ಬಸುರಿನ ಉದ್ದಕ್ಕೂ ಗಮನಿಸಿದಾಗ, ಓಟ ಮುಂದುವರಿಸಿದವರಲ್ಲಿ ಗರ್ಭಪಾತ ಹೆಚ್ಚಿದ್ದು ಕಾಣಲಿಲ್ಲ. ಬಸುರಿನಲ್ಲಿ ರಕ್ತದ ಪ್ರಮಾಣ ಶೇಕಡಾ 40ರಿಂದ 50ರಷ್ಟು ಏರುತ್ತದೆ. ಕುಳಿತಿದ್ದಾಗಲೂ ಎದೆಬಡಿತ ಹತ್ತಿಪ್ಪತ್ತು ಹೆಚ್ಚೇ ಇರುತ್ತದೆ. ಎಲ್ಲರಿಗೂ 140 ಎಂಬ ಒಂದೇ ಗೆರೆ ಹೊಂದುವುದಿಲ್ಲ ಎಂದು ಅದೇ ಸಂಸ್ಥೆ 1994ರಲ್ಲಿ ಅದನ್ನು ಕೈಬಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚಿಯಂತೆ, ತೊಡಕಿಲ್ಲದ ಬಸುರಿನಲ್ಲಿ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ ಒಳ್ಳೆಯದು. ಮೊದಲಿಂದ ಓಡುತ್ತಿದ್ದವರು ಓಟವನ್ನೂ ಮುಂದುವರಿಸಬಹುದು. ಬಸುರಿನ ಸಕ್ಕರೆ ಕಾಯಿಲೆ, ರಕ್ತದೊತ್ತಡದ ತೊಂದರೆಗಳು ಇದರಿಂದ ತಗ್ಗುತ್ತವೆ.

ಅಳತೆಗೋಲು ಸರಳವಾದದ್ದು. ನಡೆಯುತ್ತಲೋ ಓಡುತ್ತಲೋ ಒಂದಿಡೀ ವಾಕ್ಯ ಮಾತಾಡಲು ಆದರೆ ವೇಗ ಸರಿಯಿದೆ, ಉಸಿರು ಕಟ್ಟಿದರೆ ನಿಧಾನಿಸಬೇಕು. ಹಿಂದೆಂದೂ ಓಡದವರು ಬಸುರಿನಲ್ಲಿ ಓಟ ಕಲಿಯುವುದಕ್ಕಿಂತ ಬಿರುಸಾಗಿ ನಡೆಯುವುದು ಲೇಸು. ಹೊಟ್ಟೆ ಬೆಳೆದಂತೆ ಮೈಯ ತೂಕದ ಕೇಂದ್ರ ಮುಂದಕ್ಕೆ ಸರಿಯುತ್ತದೆ, ಕೀಲುಗಳು ಸಡಿಲಾಗುತ್ತವೆ, ಎಡವುವುದು ಸುಲಭ. ರಕ್ತಸ್ರಾವ, ನೀರು ಹೋಗುವುದು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ತಲೆಸುತ್ತು, ಎದೆನೋವು, ಮೀನಖಂಡದ ಊತ ಕಂಡರೆ ಅಲ್ಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಾಸು ಕೆಳಗಿರುವವರು, ರಕ್ತದೊತ್ತಡ ಏರಿದವರು, ಅವಧಿಗೆ ಮುನ್ನ ನೋವು ಬರುವ ಭಯವಿರುವವರು ಶುರುಮಾಡುವ ಮೊದಲೇ ಕೇಳಬೇಕು.

ಅಂದರೆ ಅಪಾಯ ಇರುವುದು ಓಟದಲ್ಲೋ, ಓಡಿಸುವ ಒತ್ತಾಯದಲ್ಲೋ? 2014ರಲ್ಲಿ ಅಮೆರಿಕದ ಅಲಿಸಿಯಾ ಮೊಂಟಾನೊ 34 ವಾರಗಳ ಬಸುರಿನಲ್ಲಿ ರಾಷ್ಟ್ರೀಯ ಕೂಟದ 800 ಮೀಟರ್ ಓಡಿದರು. ಕೊನೆಯವರಾಗಿ ಗುರಿ ಮುಟ್ಟಿದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಮ್ಮ ದೇಶದ ಕಥೆ ಬೇರೆ ಬಗೆಯದು. ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಹರ್ಮಿಲನ್ ಬೈನ್ಸ್ ತನ್ನ ತಾಯಿ, ಓಟಗಾರ್ತಿ ಮಾಧುರಿ ಸಿಂಗ್, ತಾನು ಹೊಟ್ಟೆಯಲ್ಲಿದ್ದಾಗ ನೌಕರಿಯ ಆಯ್ಕೆಗಾಗಿ 1500 ಮೀಟರ್ ಓಡಬೇಕಾಯಿತು ಎಂದು ಹೇಳಿಕೊಂಡಿದ್ದಾರೆ. ಮೊಂಟಾನೊ ಬೇಕೆಂದಾಗ ನಿಲ್ಲಬಹುದಿತ್ತು. ಮಾಧುರಿ ನಿಂತರೆ ನೌಕರಿಯೇ ತಪ್ಪುತ್ತಿತ್ತು. ತಾನಾಗಿ ಮಾಡುವ ವ್ಯಾಯಾಮಕ್ಕೂ ಭಾರ ಎತ್ತುವ, ಗಂಟೆಗಟ್ಟಲೆ ನಿಲ್ಲುವ, ರಾತ್ರಿಪಾಳಿಯ ದುಡಿಮೆಗೂ ಇರುವ ವ್ಯತ್ಯಾಸವನ್ನು ಸಂಶೋಧನೆಗಳೂ ಕಂಡಿವೆ. ಅವಧಿಗೆ ಮುಂಚಿನ ಹೆರಿಗೆ ತುಸು ಹೆಚ್ಚು ಕಾಣುವುದು ಎರಡನೆಯ ಬಗೆಯಲ್ಲಿ.

ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ಈ ಎರಡನೆಯ ಬಗೆ ದಿನವೂ ಕಣ್ಣಿಗೆ ಬೀಳುತ್ತದೆ. ಸೇತುವೆಯ ಮೆಟ್ಟಿಲು ಹತ್ತಿ ಇಳಿದು, ನಿಲ್ಲುವ ಮುನ್ನವೇ ರೈಲಿಗೆ ನುಗ್ಗುವ ಗುಂಪಿನ ನಡುವೆ ಸಿಕ್ಕಿ, ಮುಕ್ಕಾಲು ಗಂಟೆಗೂ ಮಿಕ್ಕಿ ಕಂಬಿ ಹಿಡಿದು ನಿಲ್ಲುವುದು. ಮಾತಾಡಲು ಉಸಿರಿದೆಯೇ ಎಂದು ನೋಡಿಕೊಂಡು ನಿಧಾನಿಸುವ ಅವಕಾಶ ಅಲ್ಲಿಲ್ಲ. 1992ರಲ್ಲಿ ಚರ್ಚ್‌ಗೇಟ್–ಬೊರಿವಿಲಿ ಮಾರ್ಗದಲ್ಲಿ ಮೊದಲ ಲೇಡೀಸ್ ಸ್ಪೆಶಲ್ ಓಡಿತು, ಅದೇ ವರ್ಷ ಕಲ್ಯಾಣಕ್ಕೂ ಬಂತು. ಅಂಗವಿಕಲರ ಡಬ್ಬಿಯಲ್ಲಿ ಗರ್ಭಿಣಿಯರಿಗೂ ಜಾಗವಿದೆ. 2017ರಿಂದ ಕೆಲವು ನಿಲ್ದಾಣಗಳಲ್ಲಿ ಒಂದು ರೂಪಾಯಿ ಶುಲ್ಕದ ಕ್ಲಿನಿಕ್‌ಗಳು ತೆರೆದವು. ಠಾಣೆಯ ಕ್ಲಿನಿಕ್ಕಿನಲ್ಲಿ ಹೆರಿಗೆಗಳೂ ಆಗಿವೆ.

ಹಿತವಾಗಿ ಓಡಾಡುವ ಜಾಗಗಳು ಈ ಊರುಗಳಲ್ಲಿ ಇಲ್ಲವೆಂದಲ್ಲ. ಠಾಣೆಯ ಮಾಸುಂದಾ ಮತ್ತು ಉಪವನ ಕೆರೆಗಳ ದಂಡೆ, ಕಲ್ಯಾಣದ ಕಾಳಾ ತಲಾವ್, ನೇರೂಳಿನ ಕೊಳದ ಸುತ್ತಲ ದಾರಿಯಲ್ಲಿ ಬೆಳಗಿನ ಹೊತ್ತು ಬಸುರಿಯರು ನಡೆಯುವುದನ್ನು ಕಾಣಬಹುದು. ಆನಂದಿಬಾಯಿಯ ಕಾಲದಂತೆ ಅವರತ್ತ ಕಲ್ಲು ಎಸೆಯುವವರಿಲ್ಲ. ಆದರೆ ಏಳೂವರೆಯ ಲೋಕಲ್ ಹಿಡಿಯಬೇಕಾದವಳಿಗೆ ಆ ಅರ್ಧ ಗಂಟೆ ಎಲ್ಲಿಂದ ಬರಬೇಕು? ವೈದ್ಯರು ಚೀಟಿಯಲ್ಲಿ ‘ದಿನಾ ವಾಕಿಂಗ್’ ಎಂದು ಬರೆದುಕೊಡಬಹುದು. ಆ ಹೊತ್ತನ್ನು ಬಿಟ್ಟುಕೊಡಬೇಕಾದವರು ಕಚೇರಿಯವರು, ರೈಲಿನವರು, ಮನೆಯವರು.

ಸಿಗುವಷ್ಟನ್ನು ಹೆಂಗಸರು ತಮ್ಮತಮ್ಮಲ್ಲೇ ಹೊಂದಿಸಿಕೊಂಡಿದ್ದಾರೆ. ಲೇಡೀಸ್ ಡಬ್ಬಿಯ ನಿತ್ಯದ ಗುಂಪುಗಳಲ್ಲಿ ಒಬ್ಬಾಕೆ ಬಸುರಿ ಎಂದು ತಿಳಿದರೆ ಉಳಿದವರು ಸೀಟು ಹಿಡಿದಿಡುತ್ತಾರೆ, ಇಳಿಯುವಾಗ ಬಾಗಿಲತನಕ ದಾರಿ ಮಾಡಿಕೊಡುತ್ತಾರೆ. ರಜೆಗೆ ಮುಂಚಿನ ಕೊನೆಯ ದಿನಗಳಲ್ಲಿ ಓಡುವ ರೈಲಿನಲ್ಲೇ ಆಕೆಯ ಮುಡಿಗೆ ಹೂ ಮುಡಿಸಿ, ಮನೆಯಿಂದ ತಂದ ತಿಂಡಿ ಬಡಿಸಿ ‘ಡೋಹಾಳೆ ಜೇವಣ’ ಮಾಡುವುದೂ ಉಂಟು. ಕನ್ನಡದಲ್ಲಿ ಅದು ಬಯಕೆ ಊಟ. ಮುಲುಂಡ್ ದಾಟುವವರೆಗೆ ಆಕೆ ಕೂತೇ ಇರುತ್ತಾಳೆ. ಉಳಿದವರು ನಿಂತಿರುತ್ತಾರೆ.