ಎಣಿಕೆಗೆ ಸಿಗದ ಗಾಯ: ಖತ್ನಾ, ಬಸವಿ ಮತ್ತು ಬಳ್ಳಾರಿ ಸೀಮೆ

ಸ್ತ್ರೀ ಜನನಾಂಗ ಛೇದನ ನಮ್ಮ ದೇಶದಲ್ಲಿದೆ ಎನ್ನಲು ಅಧಿಕೃತ ಅಂಕಿಅಂಶವಿಲ್ಲ ಎಂದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಎರಡೇ ತಿಂಗಳಿಗೆ, ದಾವೂದಿ ಬೋಹ್ರಾ ಸಮುದಾಯದ ಹೆಣ್ಣುಮಕ್ಕಳೇ ಕಟ್ಟಿದ 'ವಿ ಸ್ಪೀಕ್ ಔಟ್' ಗುಂಪಿನ ಅಧ್ಯಯನ ಹೊರಬಂತು. ಸಂದರ್ಶನಕ್ಕೆ ಸಿಕ್ಕವರು 94 ಮಂದಿ. ಅವರ ಮನೆಗಳಲ್ಲಿ ಏಳು ವರ್ಷ ದಾಟಿದ ಹೆಣ್ಣುಮಕ್ಕಳ ಪೈಕಿ ಮುಕ್ಕಾಲು ಪಾಲಿಗೆ ಈ ಛೇದನ, ಅವರ ಮಾತಿನಲ್ಲಿ ಖತ್ನಾ, ಆಗಿತ್ತು. ಮಾದರಿ ಚಿಕ್ಕದು, ನಿಜ. ಆದರೆ ಸರ್ಕಾರ ಕೇಳದ ಪ್ರಶ್ನೆಯನ್ನು ಆ ಹೆಂಗಸರು ತಮ್ಮ ಮನೆಯೊಳಗೇ ಕೇಳಿದ್ದರು.

ಬಳ್ಳಾರಿಯ ಗಾಂಧಿನಗರದಲ್ಲಿ ಕೂತು ಇದನ್ನು ಓದುವವರಿಗೆ ಖತ್ನಾ ದೂರದ ಸಂಗತಿ ಅನ್ನಿಸಬಹುದು. ಆದರೆ ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 5.3ನೆಯದು ಬಾಲ್ಯವಿವಾಹವನ್ನೂ ಜನನಾಂಗ ಛೇದನವನ್ನೂ ಒಂದೇ ಸಾಲಿನಲ್ಲಿ 'ಹಾನಿಕರ ಆಚರಣೆ' ಎಂದು ಹೆಸರಿಸುತ್ತದೆ. ಅದೇ ಸಾಲಿನಲ್ಲಿ ನಿಲ್ಲಬೇಕಾದ ಇನ್ನೊಂದು ಆಚರಣೆ ನಮ್ಮ ಸೀಮೆಯದು: ಹೆಣ್ಣುಮಗಳ ಕೊರಳಿಗೆ ಮುತ್ತು ಕಟ್ಟಿ ದೇವರಿಗೆ ಸಮರ್ಪಿಸಿ ದೇವದಾಸಿಯಾಗಿಸುವುದು. ನಮ್ಮ ಕಡೆ ಅದಕ್ಕೆ ಮುತ್ತು ಕಟ್ಟುವುದು, ಬಸವಿ ಬಿಡುವುದು ಎನ್ನುತ್ತಾರೆ.

'ಬಿಡುವುದು' ಎಂಬ ಕ್ರಿಯಾಪದವನ್ನು ಗಮನಿಸಬೇಕು. ದೇವರ ಹೆಸರಿಗೆ ಹೋರಿಯನ್ನು ಬಿಟ್ಟರೆ ಅದು ಬಸವ, ಮಗಳನ್ನು ಬಿಟ್ಟರೆ ಬಸವಿ. ಅಂದಿನ ಬಳ್ಳಾರಿ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಈ ಪದ್ಧತಿಯ ಬಗ್ಗೆ ಬ್ರಿಟಿಷ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದ ಆರಂಭದಲ್ಲೇ ಬರೆದಿದ್ದ. 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಕೂಡ ಇದನ್ನು ದಾಖಲಿಸಿದ. ಗಂಡುಮಕ್ಕಳಿಲ್ಲದ ಮನೆಯವರು ಒಬ್ಬ ಮಗಳನ್ನು ಬಸವಿ ಬಿಡುತ್ತಿದ್ದರು. ಆಕೆ ತವರಲ್ಲೇ ಉಳಿದು ಮಗನಂತೆ ಆಸ್ತಿ ಪಡೆಯುತ್ತಿದ್ದಳು, ತಂದೆತಾಯಿಯ ಅಂತ್ಯಕ್ರಿಯೆ ಮಾಡುತ್ತಿದ್ದಳು. ಫಾಸೆಟ್ ಇದನ್ನು ಗಂಡಿನ ಹಕ್ಕು ಪಡೆದ ಹೆಣ್ಣು ಎಂದು ಬಣ್ಣಿಸಿದ. ಆ ಬಣ್ಣನೆಯನ್ನು ನಾನು ಒಪ್ಪಲಾರೆ. ಆ ಹಕ್ಕಿಗೆ ಬೆಲೆಯಾಗಿ ಹೋದದ್ದು ಅವಳ ಮೈ, ಮತ್ತು ಆ ವ್ಯವಹಾರ ಮುಗಿಯುತ್ತಿದ್ದದ್ದು ಅವಳಿಗೆ ತಿಳಿವಳಿಕೆ ಬರುವ ಮೊದಲು.

ಮೇಲ್ನೋಟಕ್ಕೆ ಈ ಎರಡು ಆಚರಣೆಗಳು ತದ್ವಿರುದ್ಧ. ಖತ್ನಾ ಹೆಣ್ಣಿನ ಆಸೆಗೆ ಬೀಗ ಹಾಕಲು ಮಾಂಸವನ್ನು ಕತ್ತರಿಸುತ್ತದೆ. ಮುತ್ತು ಚರ್ಮಕ್ಕೂ ತಾಗದೆ ಅವಳ ಮೈಯನ್ನು ಪರರಿಗೆ ತೆರೆದಿಡುತ್ತದೆ. ಆದರೆ ಎರಡು ಕಡೆಯೂ ನಿರ್ಧಾರ ಮನೆಯ ಹಿರಿಯರದು. ಕೈಹಿಡಿದು ಕರೆದೊಯ್ಯುವವರು ಬಹುಪಾಲು ತಾಯಿ, ಅಜ್ಜಿ, ಅತ್ತೆಯಂದಿರು, ಅದೂ ಅಕ್ಕರೆಯಿಂದ. ಈ ಅಕ್ಕರೆಯನ್ನು ಅರ್ಥಮಾಡಿಕೊಳ್ಳದ ಕಾನೂನು ಸೋಲುತ್ತದೆ ಎಂಬುದೇ ಈ ಲೇಖನದ ವಾದ.

ಆರೋಗ್ಯದ ಹಾನಿ ಎರಡರಲ್ಲೂ ಬೇರೆ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಆಫ್ರಿಕದ ಆರು ದೇಶಗಳಲ್ಲಿ 28,000ಕ್ಕೂ ಹೆಚ್ಚು ಬಾಣಂತಿಯರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಛೇದನ ಹೆಚ್ಚಾದಂತೆ ಹೆರಿಗೆಯ ರಕ್ತಸ್ರಾವ, ಸಿಸೇರಿಯನ್, ಶಿಶುಮರಣದ ಅಪಾಯವೂ ಹೆಚ್ಚುತ್ತದೆ. ಬಸವಿಯ ಮೈಗೆ ಬರುವ ಕುತ್ತು ಎಳೆ ವಯಸ್ಸಿನ ಬಸಿರು, ಲೈಂಗಿಕ ಸೋಂಕು, ಎಚ್‌ಐವಿ.

ಇನ್ನು ಕಾನೂನು. ಬಳ್ಳಾರಿ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೂ ಮೊದಲೇ, 1947ರ ಮದ್ರಾಸ್ ಕಾಯ್ದೆ ಇಲ್ಲಿ ಸಮರ್ಪಣೆಯನ್ನು ನಿಷೇಧಿಸಿತ್ತು. ಹದಿನಾರು ತುಂಬಿದ್ದರೆ ಸಮರ್ಪಿತಳಾದ ಹೆಣ್ಣನ್ನೂ ಆ ಕಾಯ್ದೆ ಅಪರಾಧಿಗಳ ಸಾಲಿಗೇ ಸೇರಿಸಿತು. ಕರ್ನಾಟಕದ 1982ರ ಕಾಯ್ದೆ ಹೆತ್ತವರಿಗೆ, ಬಂಧುಗಳಿಗೆ ಇತರರಿಗಿಂತ ಹೆಚ್ಚಿನ ಶಿಕ್ಷೆ ಇಟ್ಟಿತು: ಕನಿಷ್ಠ ಎರಡು, ಗರಿಷ್ಠ ಐದು ವರ್ಷ. ಆ ಭಯಕ್ಕೆ ಮುತ್ತು ಗುಡಿ ಬಿಟ್ಟು ಮನೆಯ ಒಳಕೋಣೆ ಸೇರಿತು. 1993-94 ಮತ್ತು 2007-08ರ ಸಮೀಕ್ಷೆಗಳು ರಾಜ್ಯದಲ್ಲಿ ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಮಾಸಾಶನ ಸಿಗದ ಸ್ಥಿತಿ ಎಷ್ಟೋ ವರ್ಷ ನಡೆಯಿತು. ಎಳೆಯ ಹೆಣ್ಣೊಬ್ಬಳು 'ನನಗೂ ಮುತ್ತು ಕಟ್ಟಿದ್ದಾರೆ' ಅಂದರೆ ಅದು ತನ್ನ ಅವ್ವನ ಮೇಲಿನ ದೂರಾಗುತ್ತದೆ. ಹಾಗಾಗಿ ಅವಳು ಬಾಯಿ ಬಿಡುವುದಿಲ್ಲ. ಖತ್ನಾದ ಅಂಕಿ ಇಲ್ಲ ಎಂದು ಸಚಿವಾಲಯ ಹೇಳಿದ್ದರ ಹಿಂದೆ ಇಂಥದೇ ಮೌನವಿದೆ. ಅಂಕಿ ಇಲ್ಲದಿರುವುದನ್ನು ಆಚರಣೆಯೇ ಇಲ್ಲ ಎಂಬುದಕ್ಕೆ ಪುರಾವೆಯಾಗಿ ಓದುವುದು ಆ ಮೌನದ ಮೇಲೆ ಮುದ್ರೆ ಒತ್ತಿದಂತೆ.

2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ಮಸೂದೆ ದೇವದಾಸಿಯರ ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕು ಕೊಟ್ಟಿದೆ. ಅದು ಬಹಳ ತಡವಾಗಿ ಬಂದ ನ್ಯಾಯ. ಆದರೆ ಎಣಿಕೆಯ ತೊಡಕು ಹಾಗೇ ಇದೆ. ಅದಕ್ಕೊಂದು ಮಾದರಿ ಹೊರಗಿದೆ. ಇಂಗ್ಲೆಂಡಿನಲ್ಲಿ ಹದಿನೆಂಟರೊಳಗಿನ ಹುಡುಗಿಗೆ ಛೇದನವಾಗಿದ್ದು ಕಂಡರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕೆಂಬ ನಿಯಮ 2015ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ವಯಸ್ಕ ಹೆಣ್ಣಿನ ವಿಷಯದಲ್ಲಿ ಆ ಕಡ್ಡಾಯವಿಲ್ಲ, ಆರೋಗ್ಯ ಸೇವೆಯ ಅಂಕಿಗಾಗಿ ಮಾತ್ರ ಅದನ್ನು ದಾಖಲಿಸುತ್ತಾರೆ. ನಮ್ಮ ಸಿರುಗುಪ್ಪ, ಕುರುಗೋಡಿನ ಆಸ್ಪತ್ರೆಗಳಿಗೂ ಬಾಲಕಿ ಮತ್ತು ವಯಸ್ಕಳ ನಡುವೆ ಇಂಥದೊಂದು ಗೆರೆ ಬೇಕು. ವಯಸ್ಕ ಬಸುರಿಯ ತಪಾಸಣೆಯ ಹೊತ್ತಿಗೆ ನರ್ಸಮ್ಮ 'ಮುತ್ತು ಕಟ್ಟಿದ್ದಾರೇನವ್ವಾ?' ಎಂದು ಕೇಳಿದರೆ, ಅದಕ್ಕೆ ಸಿಗುವ ಉತ್ತರ ಚಿಕಿತ್ಸೆಗೂ ಮಾಸಾಶನಕ್ಕೂ ದಾರಿಯಾಗಬೇಕು, ಠಾಣೆಗಲ್ಲ.