ಬಾಗಿಲಿಗೆ ತೂಗಿದ ಕೌದಿ

ರೋಣ, ನರಗುಂದ, ಗಜೇಂದ್ರಗಡಗಳ ಈ ಎರೆಸೀಮೆ 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿತ್ತು. ಚಳಿಗಾಲದಲ್ಲಿ ನಮ್ಮ ಮನೆಯ ಬಾಗಿಲಿಗೆ ಪರದೆಯಾಗಿ ತೂಗುತ್ತಿದ್ದುದು ಹಳೆಯ ಕೌದಿ. ಪದರಗಳ ನಡುವೆ ಸಿಲುಕಿದ ಗಾಳಿಯೇ ಚಳಿಯನ್ನು ತಡೆಯುತ್ತದೆ (ಇದು ವಿಜ್ಞಾನದ ಮಾಸ್ತರರ ಪಾಠ, ನನ್ನದಲ್ಲ). ದಸರೆಗೆ ಮುನ್ನ ಹಾಸಿಗೆಗಳೆಲ್ಲ ಹಳ್ಳಕ್ಕೆ ಹೋಗುತ್ತಿದ್ದವು. ನೆನೆದ ಕೌದಿಯನ್ನು ಒಬ್ಬರೇ ಎತ್ತಲಾಗದು. ಹಿಂಡಿದರೆ ಹೊಲಿಗೆ ಬಿಟ್ಟೀತೆಂದು ಅವ್ವ ಅದನ್ನು ಬಂಡೆಯ ಮೇಲೆ ಹರವಿ ನೀರಿಳಿಸುತ್ತಿದ್ದಳು. ಸವೆದುದನ್ನು ಅವಳು ಎಂದೂ ಕಿತ್ತೆಸೆದವಳಲ್ಲ, ಅದರ ಮೇಲೆಯೇ ತೇಪೆ ಹಾಕುತ್ತಿದ್ದಳು. ಹೀಗಾಗಿ ಅತ್ಯಂತ ಹಳೆಯ ಬಟ್ಟೆ ಒಳಗೇ ಉಳಿಯಿತು. ವರ್ಷಗಟ್ಟಲೆ ಇತಿಹಾಸ ಬೋಧಿಸಿದ ನಾನು ಈ ದಾಖಲೆಯನ್ನು ಮಾತ್ರ ಓದಿರಲಿಲ್ಲ. ಕಳೆದ ವರ್ಷ ತೇಪೆಯೊಂದು ಬಿಚ್ಚಿಕೊಂಡು, ಗಜೇಂದ್ರಗಡದ ಮಗ್ಗದಲ್ಲಿ ನೇಯ್ದ ಅಜ್ಜಿಯ ಸೀರೆಯ ಕೆಂಪು ಸೆರಗು ಕಂಡಿತು. ತೆಗೆದಿಡೋಣವೆಂದಳು ಮಗಳು. ನಾನು ಸೂಜಿ ತರಿಸಿ, ಅದರ ಮೇಲೆ ಅವ್ವನ ಸೀರೆಯ ತುಂಡನ್ನಿಟ್ಟು ಹೊಲಿದೆನು.